ಹದಿನೈದು ಕೆಜಿಯ ಗುಂಡು

“ರಾಗಿ ಹೊಲದೋನ ಕೈಗೆ ಉಳಿ ಕೊಟ್ಟಿದ್ದು ನಂದೇ ತಪ್ಪು ಕಣ್ರಪ್ಪಾ,” ಎಂದರು ಶಿಲ್ಪಿ ಗಂಗುಲಪ್ಪನವರು. ಹೇಳಿದ್ದು ಶಿಷ್ಯ ಕದಿರೇಶನಿಗಲ್ಲ, ಮಾವಿನ ಮಂಡಿಯಲ್ಲಿ ಸೇರಿದ್ದ ಮೂವತ್ತು ಮೂವತ್ತೈದು ಜನಕ್ಕೆ. “ಆಂಜನೇಯನ ಮುಖ ನಾನೇ ಬಿಡಿಸ್ತೀನಿ ಅಂತ ಒಂದು ವರ್ಷದಿಂದ ಪ್ರಾಣ ತಿಂತಾವ್ನೆ. ಮುಖ ಹಂಗಿರ್ಲಿ, ರಸ್ತೆ ಪಕ್ಕ ಕೂತು ಒಳಕಲ್ಲು ಕಟೆಯೋರು ಕಣ್ಮುಚ್ಕೊಂಡು ಮಾಡೋ ಗುಂಡು, ಅದೂ ಇವನ ಕೈಲಿ ಆಗ್ಲಿಲ್ಲ.”

ಜನ ನಕ್ಕರು. ನಗದೆ ಏನು ಮಾಡಿಯಾರು, ಎದುರಿಗಿದ್ದ ನೋಟವೇ ಹಾಗಿತ್ತು. ಹಲಗೆ ಹಾಸಿದ ಉದ್ದನೆಯ ದಾರಿಯ ಕೊನೆಯಲ್ಲಿ ಗುಂಡು ಉರುಳಿಸಿ ಬೀಳಿಸಬೇಕಾದ ಹತ್ತು ಮರದ ಪಿನ್ನುಗಳಲ್ಲಿ ಎರಡು ಕುತ್ತಿಗೆ ಮುರಿದುಕೊಂಡು ಬಿದ್ದಿದ್ದವು. ಹಿಂದೆ ಗೋಡೆಯ ಹಾಗೆ ಪೇರಿಸಿದ್ದ ಮಾವಿನ ಪೆಟ್ಟಿಗೆಗಳಲ್ಲೊಂದು ಒಳಕ್ಕೆ ಕುಸಿದು, ಅದರೊಳಗೆ ಕದಿರೇಶ ಹನ್ನೊಂದು ದಿನ ಕೂತು ಕಟೆದ ಕರೀಕಲ್ಲಿನ ಗುಂಡು ಕಾವಿಗೆ ಕೂತ ಕೋಳಿಯಂತೆ ಕೂತಿತ್ತು. ಅದನ್ನು ಎಸೆದವನು ಪೆದ್ದಪ್ಪ. ಮಂಡಿಯಲ್ಲಿ ಲಾರಿಗೆ ಪೆಟ್ಟಿಗೆ ಹೇರುವವನು, ಎರಡು ಪೆಟ್ಟಿಗೆಯನ್ನು ಒಂದೇ ಹೆಗಲಿಗೆ ಹಾಕಿಕೊಳ್ಳುವ ಆಳು. ಅವನೂ ಈಗ ಮಣಿಕಟ್ಟು ಹಿಡಿದುಕೊಂಡು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದ. ಇಷ್ಟೆಲ್ಲ ಆಗಿಯೂ ಬಿದ್ದದ್ದು ನಾಲ್ಕೇ ಪಿನ್ನು. ಉಳಿದ ಆರು, ಎಡಕ್ಕೆ ಮೂರು ಬಲಕ್ಕೆ ಮೂರು, ಏನೂ ನಡೆದೇ ಇಲ್ಲವೆಂಬಂತೆ ನಿಂತಿದ್ದವು.

ಕದಿರೇಶನಿಗೆ ಕಿವಿಯವರೆಗೂ ಉರಿ ಹತ್ತಿತು. ಸಿಟ್ಟು ಅವನಿಗೆ ಹೊಸದೇನಲ್ಲ. ಏಳನೇ ಕ್ಲಾಸಿನ ನಡುವೆ ಪುಸ್ತಕದ ಚೀಲವನ್ನು ಕೆರೆಗೆಸೆದು ಬಂದ ದಿನದಿಂದ, ಈ ಇಪ್ಪತ್ತೊಂದನೇ ವಯಸ್ಸಿನವರೆಗೂ ಅದು ಅವನ ಜೊತೆಗೇ ಉಂಡು ಜೊತೆಗೇ ಮಲಗುತ್ತಿತ್ತು. ಹೊಸದಾಗಿದ್ದದ್ದು ಬೇರೆ. ಅವನಿಗೆ ಅರ್ಥವೇ ಆಗಿರಲಿಲ್ಲ. ಅಷ್ಟು ಭಾರದ ಗುಂಡು, ಅಷ್ಟು ಜೋರಿನ ಎಸೆತ. ಹತ್ತೂ ಬೀಳಬೇಕಿತ್ತಲ್ಲ, ಯಾಕೆ ಬೀಳಲಿಲ್ಲ?

ಈ ಆಟ ಶ್ರೀನಿವಾಸಪುರಕ್ಕೆ ಬಂದದ್ದು ಚನ್ನರಾಯಪ್ಪನ ದೆಸೆಯಿಂದ. ಇಪ್ಪತ್ತು ವರ್ಷ ಅವನು ಚಿನ್ನದ ಗಣಿಯ ಕಡೆ ಸಾಹೇಬರ ಒಂದು ಕ್ಲಬ್ಬಿನಲ್ಲಿ ಬಿದ್ದ ಪಿನ್ನುಗಳನ್ನು ಎತ್ತಿ ನಿಲ್ಲಿಸುವ ಕೆಲಸದಲ್ಲಿದ್ದ. ಆಡುವವರು ಕಡಿಮೆಯಾಗಿ ಕ್ಲಬ್ಬಿನವರು ಆ ಸಾಮಾನನ್ನು ಹೊರಗೆ ಹಾಕಿದಾಗ ಹಲಗೆ, ಪಿನ್ನು, ಎರಡು ರಬ್ಬರು ಗುಂಡು ಎಲ್ಲವನ್ನೂ ಲಾರಿಗೆ ಹಾಕಿಕೊಂಡು ಬಂದು ಅಪ್ಪನಿಂದ ಬಂದಿದ್ದ ಮಾವಿನ ಮಂಡಿಯಲ್ಲಿ ಜೋಡಿಸಿದ. ಶ್ರೀನಿವಾಸಪುರದಲ್ಲಿ ಮಾವಿನ ಗದ್ದಲ ಇರುವುದು ಬೇಸಗೆಯ ಮೂರು ತಿಂಗಳು. ಮಿಕ್ಕ ಒಂಬತ್ತು ತಿಂಗಳು ಮಂಡಿಯೊಳಗೆ ಹೆಗ್ಗಣ ಓಡಾಡಬೇಕಷ್ಟೆ. ಎಪ್ಪತ್ತೆಂಟನೇ ಇಸವಿಯ ಮಳೆಗಾಲದಿಂದ ಅಲ್ಲಿ ಭಾನುವಾರ ಭಾನುವಾರ ಜನ ಸೇರತೊಡಗಿದರು. ಮೇಷ್ಟರು, ಬಸ್ಸಿನ ಡ್ರೈವರು, ತೋಟದ ಯಜಮಾನರು, ಗೌನಿಪಲ್ಲಿಯಿಂದ ಸೈಕಲ್ ತುಳಿದು ಬರುವವರು. ಪಿನ್ನು ಎನ್ನಲು ಬಾಯಿ ತಿರುಗದವರು ಅದರ ಆಕಾರ ನೋಡಿ ಬುಡ್ಡಿ ಎಂದರು. ಎರಡೇ ವರ್ಷದಲ್ಲಿ ಒಂದು ಗುಂಡು ಕಳೆದುಹೋಯಿತು, ಇನ್ನೊಂದು ತಗಡಿನ ಮಾಡಿನ ಕೆಳಗೆ ಬಿಸಿಲಿಗೆ ಬಿರುಕು ಬಿಟ್ಟು ಎರಡು ಹೋಳಾಯಿತು. ಹೋಳುಗಳನ್ನು ಕೂಡಿಸಿ ಹಿಡಿದು, ಅವುಗಳ ಸುತ್ತ ದಾರ ಸುತ್ತಿ, ಗಂಟು ಹಾಕಿ, ಆ ದಾರವನ್ನು ಚನ್ನರಾಯಪ್ಪ ಮಾಲೂರಿನ ಆಚೆ, ವಿಗ್ರಹ ಕೆತ್ತುವವರ ಊರಾದ ಶಿವಾರಪಟ್ಟಣಕ್ಕೆ ಕಳಿಸಿದ. ರಬ್ಬರು ಎಲ್ಲಿಂದ ತರುವುದು, ಕಲ್ಲಿನದೇ ಆಗಲಿ.

ಶಿವಾರಪಟ್ಟಣದಲ್ಲಿ ಎಲ್ಲ ಕೆಲಸವೂ ದಾರದಿಂದಲೇ ಶುರು. ಗರ್ಭಗುಡಿಯ ಬಾಗಿಲಿನ ದಾರ ಬರುತ್ತದೆ, ಅದರ ಮೇಲೆ ವಿಗ್ರಹದ ಎತ್ತರ. ಪೀಠದ ದಾರ ಬರುತ್ತದೆ, ಅದರ ಮೇಲೆ ಪಾದದ ಅಗಲ. ಮುಖ ಒಂದು ಅಳತೆಯಾದರೆ ಮೈ ಅದಕ್ಕಿಷ್ಟು ಪಟ್ಟು. ತೂಕವನ್ನು ಅಲ್ಲಿ ಯಾರೂ ಕೇಳಿದವರಲ್ಲ. ತೂಕ ಗಾಡಿಯವನ ತಲೆನೋವು. ಗಂಗುಲಪ್ಪನವರು ದಾರವನ್ನು ತಮ್ಮ ಕೈಯಾರೆ ತೆಗೆದುಕೊಂಡು, ಎಳೆದು ನೋಡಿ, ಕದಿರೇಶನ ಮುಂದೆ ಹಾಕಿದ್ದರು. ಅವರ ಕೊಟ್ಟಿಗೆಯಲ್ಲಿ ಆಗ ಮುಳಬಾಗಿಲು ಕಡೆಯ ಒಂದು ಊರಿನವರು ಮಾಡಿಕೊಡಲು ಹೇಳಿದ್ದ ಐದಡಿಯ ಆಂಜನೇಯ, ಮುಖವೊಂದು ಬಿಟ್ಟು ಎಲ್ಲ ಮುಗಿದು ನಿಂತಿದ್ದ. ಮುಖ ಬಿಡಿಸುವುದು ಕಡೆಗೆ. ಅದನ್ನು ಬಿಡಿಸಿದವನೇ ಶಿಲ್ಪಿ, ಅದಕ್ಕೆ ಮುಂಚೆ ಕೈ ಸೋತವರೆಲ್ಲ ಬರೀ ಕಲ್ಲು ಕಡಿದವರು. ಎಂಟು ವರ್ಷ ಕಲ್ಲು ಕಡಿದಿದ್ದ ಕದಿರೇಶನಿಗೆ ಆ ಮುಖ ಬೇಕಿತ್ತು. ಅನ್ನ ಬೇಕು, ನೀರು ಬೇಕು ಅನ್ನುವ ಹಾಗೆ ಬೇಕಿತ್ತು. ಗುಂಡನ್ನು ಕೂದಲೆಳೆ ವ್ಯತ್ಯಾಸವಿಲ್ಲದೆ ಮಾಡಿಕೊಡು, ಆಮೇಲೆ ಮುಖದ ಮಾತಾಡೋಣ ಎಂದಿದ್ದರು ಗುರುಗಳು. ಅವನು ಮಾಡಿದ್ದ. ಯಾವ ಕಡೆಯಿಂದ ದಾರ ಸುತ್ತಿದರೂ ಗಂಟು ಗಂಟಿಗೇ ಬಂದು ಕೂರುತ್ತಿತ್ತು. ಬೆರಳು ಹಾಕುವ ಮೂರು ತೂತುಗಳ ಅಂಚನ್ನೂ ರೇಷ್ಮೆಯ ಹಾಗೆ ನುಣುಪು ಮಾಡಿದ್ದ.

ನಗು ಇಳಿದ ಮೇಲೆ ಚನ್ನರಾಯಪ್ಪ ತಲೆ ಕೆರೆದುಕೊಂಡು, ಹಳೇ ಗುಂಡು ಏಳು ಕೆಜಿ ಚಿಲ್ಲರೆ ಇತ್ತಲ್ಲ, ಇದೆಷ್ಟಿದೆ ನೋಡೋಣ ಎಂದ. ಮಾವು ತೂಗುವ ದೊಡ್ಡ ತಕ್ಕಡಿ ಅಲ್ಲೇ ನೇತಾಡುತ್ತಿತ್ತು. ಇಟ್ಟರು. ಹದಿನೈದು.

“ತೂಕ ಯಾರು ಹೇಳಿದ್ರು ನಂಗೆ?” ಕದಿರೇಶನ ದನಿ ಮಾಡಿಗೆ ತಗುಲಿತು. “ದಾರ ಕಳ್ಸಿದ್ರಿ. ದಾರಕ್ಕೆ ಸರಿಯಾಗೈತೋ ಇಲ್ವೋ ಸುತ್ತಿ ನೋಡ್ಕಳ್ರಿ.”

ಗಂಗುಲಪ್ಪನವರು ಬೇರೆ ಕಡೆ ನೋಡಿದರು. ದಾರ ತೆಗೆದುಕೊಂಡಾಗ ಅವರೂ ಕೇಳಿರಲಿಲ್ಲ. ಅದನ್ನು ಅವರು ಹೇಳಲಿಲ್ಲ, ಕದಿರೇಶ ಹೇಳಬಹುದಿತ್ತು, ಗುರುಗಳೆಂದು ನುಂಗಿಕೊಂಡ. ನುಂಗಿದ್ದು ಬೇರೆ ಮಾತಾಗಿ ಹೊರಬಿತ್ತು. ಇಂದಿಗೆ ಮೂರನೇ ಭಾನುವಾರ ಇದೇ ಜಾಗಕ್ಕೆ ಬೇರೆ ಗುಂಡು ತರುತ್ತೇನೆ, ಹತ್ತಕ್ಕೆ ಹತ್ತೂ ಬೀಳಿಸುತ್ತೇನೆ, ಬೀಳಿಸಿದರೆ ಆಂಜನೇಯನ ಮುಖ ನನ್ನದು ಅಂದುಬಿಟ್ಟ. ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು.

“ಆಗ್ಲಿ. ಆದ್ರೆ ಬೀಳ್ಸೋದು ಒಂದೇ ಸಾಲ್ದು ಕಣೋ. ಎಷ್ಟು ತೂಕಕ್ಕೆ ಬಿತ್ತು, ಯಾಕೆ ಬಿತ್ತು, ಈ ಜನದ ಮುಂದೇನೇ ಹೇಳ್ಬೇಕು. ಸುಮ್ನೆ ಬಿದ್ದೋಗಿದ್ದಕ್ಕೆಲ್ಲ ಮುಖ ಕೊಡಕ್ಕಾಗಲ್ಲ.”

ಜನರಿಗೆ ಇಷ್ಟು ಸಿಕ್ಕಿದ್ದೇ ಸಾಕಾಯಿತು. ಗುಂಡು ಹಗುರಾದಷ್ಟೂ ವೇಗ ಬರುತ್ತದೆ, ವೇಗವೇ ಬೀಳಿಸುವುದು ಎಂದರು ಮೇಷ್ಟರು. ಎಮ್ಮೆ ನುಗ್ಗಿದರೆ ಬೇಲಿ ಬೀಳುತ್ತದೋ ಕುರಿ ನುಗ್ಗಿದರೆ ಬೀಳುತ್ತದೋ ಎಂದು ಡ್ರೈವರು ಕೇಳಿದ. ಎಮ್ಮೆ ನುಗ್ಗಿದ ಕಡೆ ಮಾತ್ರ ಬೀಳುತ್ತದೆ ಎಂದು ಇನ್ಯಾರೋ ಅಂದರು. ಎಲ್ಲರ ಮಾತೂ ಸರಿ ಅನ್ನಿಸುತ್ತಿತ್ತು. ಕದಿರೇಶ ಹತ್ತು ಪಿನ್ನುಗಳನ್ನೂ ಗೋಣಿಚೀಲಕ್ಕೆ ತುಂಬಿಸಿಕೊಂಡು, ಹದಿನೈದು ಕೆಜಿಯನ್ನು ಹೆಗಲಿಗೇರಿಸಿಕೊಂಡು, ಗುರುಗಳು ಹತ್ತಿದ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಕಾದ.

ಮುರಿದ ಎರಡಕ್ಕೆ ಮೊಳೆ ಹೊಡೆಸಿದ. ಮನೆಯ ಹಿಂದಿನ ಕಣದಲ್ಲಿ ರಾಗಿ ಒಕ್ಕಣೆ ಮುಗಿದು ರಾಶಿ ಎತ್ತಿಯಾಗಿತ್ತು. ಸಗಣಿ ಸಾರಿಸಿ ಗಟ್ಟಿಮಾಡಿದ ನೆಲ, ಹಲಗೆಗಿಂತ ಏನೂ ಕಡಿಮೆಯಿಲ್ಲ. ಅಲ್ಲೇ ಪಿನ್ನುಗಳನ್ನು ಮುಂದೊಂದು, ಹಿಂದೆರಡು, ಅದರ ಹಿಂದೆ ಮೂರು, ಕೊನೆಗೆ ನಾಲ್ಕು ಎಂದು ನಿಲ್ಲಿಸಿದ.

ತೂಕ ಅರ್ಧ ಮಾಡಬೇಕು. ಅಷ್ಟು ತಾನೆ? ದಾರವನ್ನು ಮಡಚಿ ಸರಿಯಾಗಿ ಅರ್ಧಕ್ಕೆ ಕತ್ತರಿಸಿ, ಅದರ ಅಳತೆಗೆ ಒಂದು ಗುಂಡು ಕಟೆದ. ನಾಲ್ಕು ದಿನಕ್ಕೆ ಮುಗಿಯಿತು. ಅಂಗಡಿಯಲ್ಲಿ ತೂಗಿಸಿದರೆ ಎರಡು ಕೆಜಿಯೂ ಇಲ್ಲ. ಅಂಗಡಿಯವನ ಕಲ್ಲೇ ಮೋಸವಿರಬೇಕೆಂದು ಅವನ ಜೊತೆ ಜಗಳಕ್ಕೆ ನಿಂತ. ಬೇರೆ ಅಂಗಡಿಗೆ ಹೋದ, ಅಲ್ಲೂ ಅಷ್ಟೇ. ಅರ್ಧ ದಾರಕ್ಕೆ ಅರ್ಧ ತೂಕ ಬಾರದೆ ಎಲ್ಲಿಗೆ ಹೋಯಿತು? ಏಳನೇ ಕ್ಲಾಸು ಮುಗಿಸಿದವರಿಗೆ ಇದು ಗೊತ್ತಿರುತ್ತದೋ ಏನೋ ಎಂಬ ಯೋಚನೆ ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಆದರೂ ಎಸೆದು ನೋಡಿದ. ಆ ಪುಟ್ಟ ಗುಂಡು ಬಾಣದ ಹಾಗೆ ಹೋಗಿ ಮೊದಲನೇ ಪಿನ್ನಿಗೆ ತಗುಲಿದ್ದೇ, ಬೈಸಿಕೊಂಡವರಂತೆ ಪಕ್ಕಕ್ಕೆ ತಿರುಗಿ ಮೆದೆಯ ಕೆಳಗೆ ಓಡಿಹೋಯಿತು. ಬಿದ್ದದ್ದು ಎರಡು.

ಹಗುರದ್ದು ಪಿನ್ನಿಗೆ ಹೆದರಿ ದಾರಿ ಬಿಡುತ್ತದೆ, ಭಾರದ್ದು ಯಾರಿಗೂ ಹೆದರದೆ ನೇರ ಹೋಗಿ ಅಕ್ಕಪಕ್ಕದವನ್ನು ಮರೆಯುತ್ತದೆ. ಇಷ್ಟು ಅವನಿಗೆ ಹೊಳೆಯಿತು. ಹೊಳೆದಾಗ ಖುಷಿಯಾಯಿತು. ಹಾಗಾದರೆ ಏಳು ಕೆಜಿಯೇ ಸರಿ, ಸಾಹೇಬರು ದಡ್ಡರಲ್ಲ. ಈ ಸಲ ದಾರ ಬಿಟ್ಟ. ಕಟೆಯುವುದು, ತೂಗುವುದು, ಮತ್ತೆ ಕಟೆಯುವುದು. ಕಲ್ಲಿನ ಕೆಲಸವನ್ನು ತಕ್ಕಡಿ ಹಿಡಿದು ಮಾಡುತ್ತಿದ್ದಾನೆಂದು ಬೀದಿಯೇ ಆಡಿಕೊಂಡಿತು. ಏಳೂಕಾಲಿಗೆ ನಿಲ್ಲಿಸಿದ. ಗುಂಡು ಹಳೆಯದಕ್ಕಿಂತ ಚಿಕ್ಕದಾಗಿತ್ತು, ಆದರೆ ತೂಕ ಸಾಹೇಬರದ್ದೇ ತೂಕ. ಎಸೆದರೆ ಪಿನ್ನುಗಳ ಹೊಟ್ಟೆಗೆ ತಗುಲದೆ ಪಾದಕ್ಕೆ ತಗುಲಿತು. ಅವು ಹಾರಲಿಲ್ಲ, ಪಕ್ಕದವಕ್ಕೆ ಹೊಡೆಯಲಿಲ್ಲ, ಕಾಲು ಜಾರಿದ ಮುದುಕರಂತೆ ಇದ್ದಲ್ಲೇ ಕುಕ್ಕರಿಸಿದವು. ಆರು.

ಗಾತ್ರ ಸರಿಯಿಟ್ಟರೆ ತೂಕ ಕೆಡುತ್ತದೆ, ತೂಕ ಸರಿಯಿಟ್ಟರೆ ಗಾತ್ರ ಕೆಡುತ್ತದೆ. ಕದಿರೇಶ ಕಣದ ಅಂಚಿನಲ್ಲಿ ಕೂತು ಎರಡನ್ನೂ ನೋಡಿದ. ಕಲ್ಲಿನ ಮೇಲೆ ಅವನಿಗೆ ಯಾವತ್ತೂ ಅನುಮಾನ ಬಂದಿರಲಿಲ್ಲ. ಕಲ್ಲನ್ನು ತಟ್ಟಿ ಕಿವಿಗೊಟ್ಟರೆ ಒಳಗೆ ಬಿರುಕಿದೆಯೋ ಇಲ್ಲವೋ ಅದೇ ಹೇಳುತ್ತಿತ್ತು. ಗುಂಡನ್ನು ಉಳಿಯ ಹಿಡಿಯಿಂದ ತಟ್ಟಿದ. ಗಂಟೆಯ ಹಾಗೆ ನುಡಿಯಿತು. ಅದರಲ್ಲಿ ಏನೂ ತಪ್ಪಿರಲಿಲ್ಲ.

ಎರಡರ ನಡುವೆ ಹತ್ತು ಕೆಜಿಯದೊಂದು ಮಾಡಿದ. ಅದು ಒಮ್ಮೆ ನಾಲ್ಕು ಬೀಳಿಸಿತು, ಒಮ್ಮೆ ಎಂಟು, ಒಮ್ಮೆ ಮೂರು. ಆಗ ಅವನಿಗೊಂದು ಉಪಾಯ ತೋಚಿತು. ವಿಗ್ರಹದ ಪೀಠ ಸಮತಟ್ಟಾಗಿದೆಯೇ ಎಂದು ನೋಡಲು ಅದಕ್ಕೆ ಕೆಮ್ಮಣ್ಣಿನ ಜಾಜು ಬಳಿದ ಹಲಗೆಯನ್ನು ಒತ್ತುತ್ತಾರೆ, ಎಲ್ಲಿ ಉಬ್ಬಿದೆಯೋ ಅಲ್ಲಿ ಕೆಂಪು ಹತ್ತುತ್ತದೆ. ಹಾಗೆಯೇ ಗುಂಡಿಗೆ ಹಸಿ ಜಾಜು ಬಳಿದು ಉರುಳಿಸಿದ. ಒಂಬತ್ತು ಪಿನ್ನು ಬಿದ್ದವು. ಇಷ್ಟು ದಿನದಲ್ಲಿ ಅದೇ ಹೆಚ್ಚು. ಓಡಿಹೋಗಿ ಎತ್ತಿ ನೋಡಿದ. ಕೆಂಪು ಹತ್ತಿದ್ದದ್ದು ನಾಲ್ಕಕ್ಕೆ.

ತಾಯಿ ಮುನಿಯಲ್ಲಮ್ಮ ಅತ್ತ ಕೂತು ರಾಗಿ ಕೇರುತ್ತಿದ್ದವಳು ಮೊರ ಇಳಿಸಿ ಬಂದು ತಾನೂ ನೋಡಿದಳು. ಎರಡು ವಾರದಿಂದ ಮಗ ತನ್ನ ಕಣದಲ್ಲಿ ಗುಂಡಿ ಬೀಳಿಸುತ್ತಿರುವುದನ್ನು ಬಾಯಿ ಮುಚ್ಚಿಕೊಂಡು ನೋಡಿದ್ದಳು.

“ನಿನ್ನ ಗುಂಡು ಮುಟ್ಟಿದ್ದು ನಾಕೇ ಅಲ್ವೇನೋ ಮಗ. ಮಿಕ್ಕಿದ್ದು ಅವವೇ ಒಂದಕ್ಕೊಂದು ಬಡ್ಕೊಂಡು ಬಿದ್ವು.”

“ಹಂಗಾದ್ರೆ ನಾನ್ಯಾಕಮ್ಮ ಕಟೀತಿರೋದು ಇದನ್ನ?” ಎಂದು ಅವಳ ಮೇಲೆ ರೇಗಿದ. ಅವಳು ನನಗೇನು ಗೊತ್ತು ಎಂಬಂತೆ ನೋಡಿ, ಮತ್ತೆ ಮೊರದ ಹತ್ತಿರ ಹೋಗಿ ಕೂತಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಅದರಿಂದ ಅವನ ತಲೆ ಇನ್ನೂ ಕೆಟ್ಟುಹೋಯಿತು.

ಮೂರನೇ ಭಾನುವಾರ ನಾಲ್ಕು ಗುಂಡು, ಹತ್ತು ಪಿನ್ನು ಹೊತ್ತು ಮಾಲೂರಿನಿಂದ ಕೋಲಾರ, ಕೋಲಾರದಿಂದ ಶ್ರೀನಿವಾಸಪುರ. ಬಸ್ಸಿನಲ್ಲಿ ಎರಡು ಕೆಜಿಯದು ಚೀಲದಿಂದ ಜಾರಿ, ಇಳಿಜಾರು ಬಂದಾಗಲೆಲ್ಲ ಮುಂದಕ್ಕೂ ದಿಣ್ಣೆ ಬಂದಾಗಲೆಲ್ಲ ಹಿಂದಕ್ಕೂ ಉರುಳಾಡಿ, ಎರಡೂ ಕಡೆಯ ಜನ ಕಾಲೆತ್ತಿಕೊಂಡು ಕೂತರು. ಕಂಡಕ್ಟರು ಬೈದ. ಕದಿರೇಶ ವಾಪಸ್ಸು ಬೈಯಲಿಲ್ಲ. ಬಾಯಲ್ಲಿ ಅವನು ಒಂದೇ ಮಾತನ್ನು ಉರು ಹೊಡೆಯುತ್ತಿದ್ದ. ಹತ್ತು ಕೆಜಿ. ಹಗುರಾದರೆ ತಿರುಗುತ್ತೆ, ಭಾರವಾದರೆ ನೇರ ಹೋಗುತ್ತೆ, ಹತ್ತು ಕೆಜಿ.

ಮಂಡಿ ತುಂಬಿತ್ತು. ಗಂಗುಲಪ್ಪನವರು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಪೆದ್ದಪ್ಪನ ಮಣಿಕಟ್ಟಿಗೆ ಇನ್ನೂ ಬಟ್ಟೆ ಸುತ್ತಿತ್ತು, ಆದರೂ ಎಸೆಯುವವನು ತಾನೇ ಎಂದು ಹಟ ಹಿಡಿದ. ಕದಿರೇಶ ಹತ್ತು ಕೆಜಿಯದಕ್ಕೆ ಜಾಜು ಬಳಿದು ಕೊಟ್ಟ, ಮುಂದಿನ ಪಿನ್ನಿಗೇ ನೇರ ಹೊಡೆಯಬೇಕೆಂದು ಹೇಳಿದ. ಪೆದ್ದಪ್ಪ ಮೂರು ಹೆಜ್ಜೆ ಓಡಿ ಕೈ ಬೀಸಿದ. ಬಿಡುವ ಗಳಿಗೆಯಲ್ಲಿ ಮಣಿಕಟ್ಟು ಚುಳುಕ್ಕೆಂದಿರಬೇಕು, ಗುಂಡು ಕೈಯಿಂದ ಓರೆಯಾಗಿ ಜಾರಿತು. ಹಲಗೆಯ ಅಂಚಿನವರೆಗೂ ಹೋಯಿತು, ಅಲ್ಲಿಂದ ಹೇಗೋ ಒಳಕ್ಕೆ ಬಂತು, ಮೊದಲನೆಯ ಪಿನ್ನಿನ ಪಕ್ಕೆಗೆ ತಗುಲಿತು. ಟಪಟಪ ಎಂದು ಎಲ್ಲ ಒಂದರ ಮೇಲೊಂದು ಹಾರಿದವು. ಕೊನೆಯದೊಂದು ನಿಂತಲ್ಲೇ ತೂರಾಡಿ, ಬೀಳಲೋ ಬೇಡವೋ ಎಂದು ಯೋಚಿಸಿ, ಬಿತ್ತು.

ಹತ್ತಕ್ಕೆ ಹತ್ತು. ಮಂಡಿಯ ತಗಡು ಅದುರುವಂತೆ ಕೂಗಿದರು. ಗಂಗುಲಪ್ಪನವರು ಎದ್ದು ಬಂದು ಕದಿರೇಶನ ಹೆಗಲ ಮೇಲೆ ಕೈಯಿಟ್ಟರು. ಎಂಟು ವರ್ಷದಲ್ಲಿ ಆ ಕೈ ಅಲ್ಲಿಗೆ ಬಂದದ್ದು ಅದೇ ಮೊದಲು.

ಆದರೆ ಚನ್ನರಾಯಪ್ಪನಿಗೆ ಕಣ್ಣು ತಣಿದಿರಲಿಲ್ಲ. ಪಿನ್ನು ನಿಲ್ಲಿಸಿ ಇನ್ನೊಂದು ಸಲ ಎಂದ. ಈ ಸಲ ಪೆದ್ದಪ್ಪ ಹೇಳಿದ ಹಾಗೇ ನೇರ ಹೊಡೆದ. ಐದು. ಮೇಷ್ಟರು ಎದ್ದು ಏಳೂಕಾಲಿನದನ್ನು ಎಸೆದರು, ಒಂಬತ್ತು ಬಿದ್ದವು. ಮತ್ತೆ ಎಸೆದರು, ಎರಡು. ಜನ ಮಾತಾಡಿಕೊಳ್ಳತೊಡಗಿದರು. ಕದಿರೇಶ ಉರು ಹೊಡೆದಿದ್ದ ಮಾತು ಕೆಲಸಕ್ಕೆ ಬಾರದಾಯಿತು. ಅವನು ಹೋಗಿ, ಯಾರೂ ಬೇಡವೆಂದಿಟ್ಟಿದ್ದ ಹದಿನೈದು ಕೆಜಿಯನ್ನು ಎರಡೂ ಕೈಯಲ್ಲಿ ಎತ್ತಿ, ಕಾಲುಗಳ ನಡುವಿನಿಂದ, ಸಿಟ್ಟಿಗೆ, ಗುರಿಯೂ ನೋಡದೆ ಉರುಳಿಸಿಬಿಟ್ಟ. ಗುಂಡು ಎತ್ತಿನಗಾಡಿಯ ಹಾಗೆ ಹೋಯಿತು. ದಾರಿಯಲ್ಲೇ ನಿಂತುಬಿಡುತ್ತದೆಂದು ಎಲ್ಲರೂ ಅಂದುಕೊಂಡರು. ನಿಲ್ಲಲಿಲ್ಲ. ಮೊದಲನೆಯದರ ಪಕ್ಕೆಗೆ ಮೆಲ್ಲಗೆ ಒರಗಿತು. ಅದು ಪಕ್ಕದ್ದರ ಮೇಲೆ, ಪಕ್ಕದ್ದು ಹಿಂದಿನದರ ಮೇಲೆ, ನಿಧಾನವಾಗಿ, ಒಂದೊಂದಾಗಿ, ಹತ್ತೂ ಬಿದ್ದವು.

ಯಾರೂ ಕೂಗಲಿಲ್ಲ. ಮೂರು ವಾರದ ಹಿಂದೆ ಇದೇ ಗುಂಡಿಗೆ ನಕ್ಕಿದ್ದರು.

ಕದಿರೇಶ ಬಿದ್ದ ಪಿನ್ನುಗಳ ನಡುವೆ ಕೂತು ಒಂದೊಂದನ್ನೇ ತಿರುಗಿಸಿ ನೋಡಿದ. ಹಿಂದಿನ ಎಸೆತಗಳ ಜಾಜು, ಈಗಿನ ಧೂಳು, ಯಾವುದು ಯಾವುದರದ್ದೋ ತಿಳಿಯದಂತೆ ಎಲ್ಲವೂ ಕೆಂಪಾಗಿದ್ದವು. ತೂಕವೋ, ಎಸೆದ ಕೈಯೋ, ತಗುಲಿದ ಪಕ್ಕೆಯೋ, ಪಿನ್ನು ಪಿನ್ನಿಗೆ ಬಡಿದದ್ದೋ? ಒಂದನ್ನು ಹಿಡಿದುಕೊಂಡರೆ ಇನ್ನೊಂದು ಜಾರುತ್ತಿತ್ತು. ಸಿಟ್ಟಾಗೋಣವೆಂದರೆ ಯಾರ ಮೇಲೆ ಎಂಬುದೂ ತಿಳಿಯಲಿಲ್ಲ.

ಚನ್ನರಾಯಪ್ಪ ಗುರುಗಳ ಹತ್ತಿರ ಬಂದು, ಯಾವುದಾದರೂ ಒಂದು ತೂಕ ಹೇಳಿ, ಅದರಲ್ಲೇ ನಾಲ್ಕು ಗುಂಡು ಮಾಡಿಸುತ್ತೇನೆ ಎಂದ. ಗಂಗುಲಪ್ಪನವರು ಕದಿರೇಶನ ಪಕ್ಕಕ್ಕೆ ಬಗ್ಗಿದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಮಗನಿಗೆ ಹೇಳುವ ಹಾಗಿತ್ತು.

“ಹತ್ತು ಕೆಜಿ ಅಂದ್ಬಿಡು ಕಣೋ. ಅಷ್ಟಂದ್ರೆ ಸಾಕು, ನಾಳೆ ಬೆಳಿಗ್ಗೇನೇ ಮುಖಕ್ಕೆ ಕೂತ್ಕೋ. ಯಾಕೆ ಅಂತ ಆಮೇಲೆ ನೋಡ್ಕಳಣ.”

ಕದಿರೇಶ ತಲೆಯೆತ್ತಿ ಅವರ ಮುಖ ನೋಡಿದ. ಆ ಮುಖದಲ್ಲೂ ಗೊತ್ತಿರುವವರ ಕಳೆ ಇರಲಿಲ್ಲ. ಇವರಿಗೂ ಗೊತ್ತಿಲ್ಲ. ದಾರ ಎಳೆದು ನೋಡಿದ ದಿನವೂ ಗೊತ್ತಿರಲಿಲ್ಲ. ಹತ್ತು ಕೆಜಿ. ಬಾಯಿ ತೆರೆದರೆ ಎರಡೇ ಮಾತು. ನಾಳೆ ಐದಡಿಯ ಕಲ್ಲಿನ ಮುಂದೆ ನಿಂತುಕೊಂಡು, ಹುಬ್ಬು ಎಲ್ಲಿ ಬರಬೇಕು, ಕಣ್ಣು ಎಲ್ಲಿ ತೆರೆಯಬೇಕು ಎಂದು ದಾರ ಹಿಡಿಯಬಹುದು. ಹಿಡಿಯುವ ಕೈ ಇದೇ ಕೈ. ಅಲ್ಲೂ ಯಾಕೆಂದು ಕೇಳಿದರೆ ಆಮೇಲೆ ನೋಡಿಕೊಳ್ಳೋಣ ಅನ್ನಬೇಕೇನೋ.

“ಏನ್ಲಾ, ಹೇಳು. ಜನ ಕಾಯ್ತಾವ್ರೆ.”

ಬೆಂಚಿನವರು ಮುಂದಕ್ಕೆ ಬಾಗಿದರು. ಡ್ರೈವರು ಬೀಡಿ ಬಾಯಿಂದ ತೆಗೆದ. ಕದಿರೇಶ ಎದ್ದು, ಅಂಗೈಯ ಜಾಜನ್ನು ಲುಂಗಿಗೆ ಒರೆಸಿಕೊಂಡ. ಎಸೆದ ಮೂರು ಗುಂಡುಗಳೂ ಪೆಟ್ಟಿಗೆಗಳ ಬುಡದಲ್ಲಿ ಒಂದಕ್ಕೊಂದು ತಾಗಿಕೊಂಡು ಬಿದ್ದಿದ್ದವು. ಅವುಗಳನ್ನು ದಾಟಿ, ಹಲಗೆಯ ಮೇಲೇ ನಡೆದು, ಜನ ಬಿಟ್ಟುಕೊಟ್ಟ ದಾರಿಯಲ್ಲಿ ಬಾಗಿಲವರೆಗೂ ಹೋದ. ಹಿಂದಿನಿಂದ ಗುರುಗಳು ಅವನ ಹೆಸರು ಹಿಡಿದು ಒಮ್ಮೆ ಕೂಗಿದರು, ಇನ್ನೊಮ್ಮೆ ಕೂಗಿದರು. ಹೊರಗೆ ಬಿಸಿಲಿಗೆ ಕಣ್ಣು ಕೋರೈಸಿತು. ಬಸ್ ಸ್ಟ್ಯಾಂಡು ಯಾವ ಕಡೆಗೆಂದು ಒಂದು ಗಳಿಗೆ ನಿಂತು ನೋಡಿ, ಅವನು ಆ ಕಡೆಗೆ ನಡೆದ.